ಲಮಾಣಿ ಅಳು ಎಂದವಳು ನಾನೇ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಒಲೆಯ ಮೇಲಿನ ಹಾಲು ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆದರೆ ಆ ದಿನ ಬೀದರಿನ ಚಿದ್ರಿಯ ನಮ್ಮ ಮನೆಯಲ್ಲಿ ಉಕ್ಕಿದ ಸಿಟ್ಟು ಇಳಿಯಲಿಲ್ಲ. ಐದು ವರ್ಷದ ಮೊಮ್ಮಗಳು ಬೆಲ್ಲ ಬೇಕೆಂದು ಹೊಸ್ತಿಲ ಮೇಲೆ ಕೂತು ರಾಗ ತೆಗೆದಿದ್ದಳು. ಸೊಸೆ ರೊಟ್ಟಿ ಬಡಿಯುತ್ತಲೇ, ತಿರುಗಿಯೂ ನೋಡದೆ ಅಂದಳು: “ಸಾಕ ಮಾಡು. ಲಮಾಣಿ ಅಳು ಅಳಬ್ಯಾಡ.”

ಜೋಳ ಹಸನು ಮಾಡುತ್ತಿದ್ದ ಮೊರವನ್ನು ನೆಲಕ್ಕೆ ಕುಕ್ಕಿದೆ. “ಆ ಮಾತು ಇನ್ನೊಮ್ಮಿ ಬಾಯಾಗ ಬಂತಂದ್ರ ನಾ ಈ ಮನ್ಯಾಗ ಇರಂಗಿಲ್ಲ ನೋಡು!”

“ಅಯ್ಯ! ನಾ ಏನ್ ಅಂದೆನ್ರಿ ಅತ್ತಿ?” ಅಂದಳು ಸೊಸೆ. “ಎಲ್ಲಾರೂ ಅಂತಾರ. ನೀವೇ ಅಂತಿದ್ರಂತ, ನಿಮ್ಮ ಮಗನೇ ಹೇಳ್ಯಾರ.”

ನಿಜ. ಅದಕ್ಕೇ ಸಿಟ್ಟು ಇಳಿಯಲಿಲ್ಲ. ಕಚೇರಿಗೆ ಹೊರಟಿದ್ದ ಮಗ ರುಮಾಲು ಸುತ್ತಿಕೊಳ್ಳುತ್ತಾ ನಕ್ಕ. “ಅವ್ವಾ, ಚಿದ್ರ್ಯಾಗ ಯಾವ ಲಮಾಣಿ ಕೇಳ್ಲಿಕ್ಕ ಬರ್ತಾಳ? ಮಾತದು. ಹಳೇದು. ಹಳೇದಾದ ಮ್ಯಾಲ ಮುಳ್ಳೂ ಮೊಂಡಾಗ್ತದ. ಅದರಿಂದ ಯಾರಿಗಿ ಏನಾಗ್ಯಾದ ಹೇಳು?”

ಯಾರಿಗೆ ಏನಾಗಿದೆ ಎಂದು ನಾನು ಅವನಿಗೆ ಆವರೆಗೆ ಹೇಳಿರಲಿಲ್ಲ. ಅವನಿಗಲ್ಲ, ಯಾರಿಗೂ. ಆ ಬೆಳಿಗ್ಗೆಯೂ ಹೇಳಲಿಲ್ಲ. ಜೋಳದ ಕಾಳುಗಳನ್ನು ಆರಿಸಿ ಮತ್ತೆ ಮೊರಕ್ಕೆ ಹಾಕುತ್ತಾ ಕೂತೆ.

ನನ್ನ ತವರು ಭಾಲ್ಕಿ. ಅರಿವೆಯ ಅಂಗಡಿಯ ಮನೆ. ಶರಣರ ಹೆಸರು ಹೇಳದೆ ನಮ್ಮಲ್ಲಿ ಬಾಯಿಗೆ ತುತ್ತು ಇಡುತ್ತಿರಲಿಲ್ಲ; ಮೇಲು ಕೀಳು ಇಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗೆ ಹೇಳಿದ ಬಾಯಿಂದಲೇ ಜಿಪುಣನನ್ನು ಕೋಮಟಿ ಎನ್ನುತ್ತಿದ್ದರು, ಮಂದಬುದ್ಧಿಯವನನ್ನು ಕುರುಬ ಎನ್ನುತ್ತಿದ್ದರು. ವರ್ಷವರ್ಷ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು ಹೋಗುತ್ತಿದ್ದ ಕುರುಬ ನಮ್ಮ ಕಟ್ಟೆಯ ಮೇಲೆ ಕೂತಿರುವಾಗಲೂ ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಅವನು ನಕ್ಕ ಎಂಬುದೇ ನಮಗೆ ಸಾಕಾಗಿತ್ತು. ನಮಗೂ ಬೇರೆಯವರು ಒಂದು ಮಾತು ಇಟ್ಟಿದ್ದರು. ಅದು ಕಿವಿಗೆ ಬಿದ್ದರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಯಾಗಿ ಔರಾದ ತಾಲೂಕಿನ ಚಿಂತಾಕಿಯ ಗೌಡರ ಮನೆಗೆ ಬಂದೆ. ಅಲ್ಲಿ ಊರಾಚೆ, ಗುಡ್ಡದ ಮಗ್ಗುಲಿಗೆ ಲಮಾಣಿಗಳ ತಾಂಡಾ ಇತ್ತು. ತಾಂಡಾದ ಹೆಂಗಸರು ನಮ್ಮ ಹೊಲಕ್ಕೆ ಕಳೆ ತೆಗೆಯಲು, ಜೋಳ ಕೊಯ್ಯಲು ಬರುತ್ತಿದ್ದರು, ಕಟ್ಟಿಗೆಯ ಹೊರೆ ತರುತ್ತಿದ್ದರು. ಅವರಲ್ಲಿ ಒಂದು ರೂಢಿ. ಅಕ್ಕ ತಂಗಿ, ತಾಯಿ ಮಗಳು ಬಹಳ ದಿನದ ಮೇಲೆ ಸಿಕ್ಕರೆ ಮೊದಲು ಮಾತಾಡುವುದಿಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದ ಇಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ರಾಗ ಎತ್ತಿ ಅಳುತ್ತಾರೆ. ಹಾದಿಯಲ್ಲಿ ಸಿಕ್ಕರೆ ಹಾದಿಯಲ್ಲೇ, ಸಂತೆಯಲ್ಲಿ ಸಿಕ್ಕರೆ ಸಂತೆಯಲ್ಲೇ. ಅಳು ಮುಗಿಯಿತೋ, ಮೂಗು ಒರೆಸಿಕೊಂಡು, ನಕ್ಕು, ತಂಬಾಕು ತೆಗೆಯುತ್ತಾರೆ. ಇದನ್ನು ನೋಡಿ ಊರವರು ಕಟ್ಟಿದ್ದು ಲಮಾಣಿ ಅಳು ಎಂಬ ಮಾತು. ಹೊಟ್ಟೆಯಲ್ಲಿ ಏನೂ ಇಲ್ಲದೆ ಕಣ್ಣಿನಿಂದಷ್ಟೇ ಬರುವ ಅಳು ಎಂದು ಅದರ ಅರ್ಥ.

ಹೊಸ ಸೊಸೆಯಾಗಿ ಭಾಲ್ಕಿಯ ನೆನಪಾಗಿ ಅತ್ತಾಗ ನನಗೂ ಆ ಮಾತೇ ಸಿಕ್ಕಿತು. “ಲಮಾಣಿ ಅಳು ತೆಗೀಬ್ಯಾಡ, ಹಿಟ್ಟು ನಾದು,” ಅಂದಿದ್ದರು ಅತ್ತೆ. ಎದೆಗೆ ನಾಟಿತ್ತು. ನಾಟಿದ್ದನ್ನು ಕಿತ್ತು ಎಸೆಯಬೇಕಿತ್ತು. ನಾನು ಜೋಪಾನವಾಗಿ ಇಟ್ಟುಕೊಂಡು, ಕೈಗೆ ಸಿಕ್ಕವರಿಗೆಲ್ಲ ಚುಚ್ಚಿದೆ.

ತಾಂಡಾದಿಂದ ನಮ್ಮ ಮನೆಗೆ ಖಾಯಮ್ಮಾಗಿ ಬರುತ್ತಿದ್ದವಳು ಒಬ್ಬಳು. ನನಗಿಂತ ಹತ್ತು ವರ್ಷ ದೊಡ್ಡವಳು. ತೋಳು ತುಂಬ ಬಳೆ, ನಡೆದರೆ ಅಂಗಳಕ್ಕೆಲ್ಲ ಕೇಳುತ್ತಿತ್ತು. ತಾಂಡಾದ ಹೆಂಗಸರನ್ನು ಕರೆಯುವ ಹಾಗೆ ಅವಳನ್ನೂ ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ಹೆರಿಗೆ ಮುಗಿಸಿ, ಮಗುವನ್ನು ಎತ್ತಿಕೊಂಡು ಭಾಲ್ಕಿಯಿಂದ ತಿರುಗಿ ಬಂದಾಗ ಈ ಬಾಯಿ ಕಟ್ಟಿಗೆ ಹೊರೆ ಕೆಳಗೆ ಹಾಕಿದವಳೇ ನನ್ನ ಕೊರಳಿಗೆ ಬಿದ್ದು ರಾಗ ಎತ್ತಿಬಿಟ್ಟಳು. ಅತ್ತೆ, ನಾದಿನಿಯರು, ಆಳುಗಳು ಎಲ್ಲ ಬಿದ್ದು ಬಿದ್ದು ನಕ್ಕರು. ನಾನು ನಾಚಿಕೆಯಿಂದ ಕಂಬದ ಹಾಗೆ ನಿಂತಿದ್ದೆ.

ಆಮೇಲೆ ಕೇಳಿದೆ: “ಯಾಕ ಬಾಯಿ, ನಾ ಸತ್ತಿದ್ದೆ ಅನ್ಕೊಂಡಿದ್ದಿ ಏನು?”

“ಸಾಯ್ಲಿ ನಿಮ್ಮ ವೈರಿಗೋಳು!” ಅಂದಳು. “ಅಳೋದಲ್ರಿ ಅವ್ವಾರ ಅದು, ಹೇಳೋದು. ನೀವು ಇಲ್ದಾಗ ಏನೇನ ಆಯ್ತು ಎಲ್ಲಾ ಹೇಳ್ಬೇಕಲ್ರಿ? ಬರೇ ಬಾಯ್ಲೆ ಹೇಳಿದ್ರ ಹೇಳ್ದಂಗ ಹ್ಯಾಂಗ ಆಗ್ತದ? ಹೆರಿಗಿಗಿ ಕರ್ಕೊಂಡ ಹೋಗ್ಲಿಕ್ಕ ನಿಮ್ಮ ಅಣ್ಣ ಬಂದಿದ್ರು. ನೀವು ಅಳ್ಲೇ ಇಲ್ಲ. ನೀರ ಕೊಟ್ರಿ, ಕೂಡ್ರಿ ಅಂದ್ರಿ. ಅವರಿಗಿ ಎಷ್ಟ ಕೆಟ್ಟ ಅನ್ನಿಸಿರಬೇಕು!”

ಆ ರಾಗದಲ್ಲಿ ಏನೇನು ಬರುತ್ತದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಯಾವ ಆಕಳು ಸತ್ತಿತು, ಯಾರ ಮದುವೆ ಗೊತ್ತಾಯಿತು, ಯಾರ ಮೇಲೆ ಯಾರಿಗೆ ಮುನಿಸು. ಅವರ ಮಾತು ನನಗೆ ಅಲ್ಪಸ್ವಲ್ಪ ತಿಳಿಯತೊಡಗಿತು. ತಿಳಿದದ್ದನ್ನು ಏನು ಮಾಡಿದೆ? ಭಾಲ್ಕಿಗೆ ಹೋದಾಗ ತಂಗಿಯರನ್ನು ಕೂಡಿಸಿಕೊಂಡು, ಸೆರಗು ತಲೆಗೆಳೆದು, ಬಾಯಿಯ ಅಳು ಅತ್ತು ತೋರಿಸಿದೆ. ಓಣಿಯ ಹೆಂಗಸರು ಬಂದು “ಇನ್ನೊಮ್ಮಿ ಅಳೆ, ಇನ್ನೊಮ್ಮಿ” ಎಂದು ಕೇಳುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಾನು ಅರ್ಧ ಕೊಡ, ಭಾಲ್ಕಿಯ ತುಂಬ ತುಳುಕಿದೆ.

ಈಗ ಆ ದಿನಕ್ಕೆ ಬರುತ್ತೇನೆ. ಎಳ್ಳಮಾಸಿ ಹಬ್ಬದ ಮರುದಿನ. ಹಿಂದಿನ ದಿನವೆಲ್ಲ ಹೊಲದಲ್ಲಿ ಉಂಡು, ಉಳಿದ ಭಜ್ಜಿ, ಸಜ್ಜೆ ಕಡಬು ಮನೆಗೆ ತಂದಿದ್ದೆವು. ನನ್ನ ಗಂಡನಿಗೆ ಔರಾದಿನ ತಹಸೀಲ ಕಚೇರಿಯಲ್ಲಿ ಹೊಲದ ಗಡಿಯ ತಕರಾರಿನ ವಿಚಾರಣೆಗೆ ಪೇಶಿ ಇತ್ತು. ಹಿತ್ತಲಲ್ಲಿ ಸವಾರಿ ಗಾಡಿಗೆ ಎತ್ತು ಹೂಡುತ್ತಿದ್ದರು. ಹಬ್ಬಕ್ಕೆ ಎತ್ತುಗಳ ಕೊರಳಿಗೆ ಕಟ್ಟಿದ ಗೆಜ್ಜೆ ಹಾಗೇ ಇದ್ದವು. ಅತ್ತೆ ಪೂಜೆಗೆ ಕೂತಿದ್ದರು. ನಾನು ಬೀಸುವ ಕಲ್ಲಿನ ಮುಂದೆ ಇದ್ದೆ.

ಮುಂದಿನ ಬಾಗಿಲಾಚೆ ಅಳು ಎದ್ದಿತು. ಒಂದಲ್ಲ, ಎರಡು ದನಿ. ಒಂದು ಬಾಯಿಯದು ಎಂದು ಬಳೆಯ ಸಪ್ಪಳದಿಂದಲೇ ಗೊತ್ತಾಯಿತು. ಇನ್ನೊಂದು ಬೇರೆ ತಾಂಡಾದಲ್ಲಿದ್ದ ಅವಳ ಅಕ್ಕನದು.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ನನಗೆ ಅನುಮಾನ ಬಂದಿತ್ತು. ಬೀಸುವ ಕೈ ಒಂದು ಗಳಿಗೆ ನಿಂತಿತ್ತು. ರಾಗ ಏರಿದ್ದು ಇಳಿಯುತ್ತಿರಲಿಲ್ಲ, ನಡುನಡುವೆ ತುಂಡಾಗುತ್ತಿತ್ತು. ಬಾಯಿಯ ಮಗಳು ಚೊಚ್ಚಲ ಹೆರಿಗೆಗೆ ತಾಂಡಾಕ್ಕೆ ಬಂದಿದ್ದಾಳೆಂದೂ ನನಗೆ ಗೊತ್ತಿತ್ತು. ಹಿಂದಿನ ವಾರವೇ ಬಾಯಿ ಖುಷಿಯಿಂದ ಹೇಳಿದ್ದಳು. ಎದ್ದು ಬಾಗಿಲ ತನಕ ಹೋಗಲು ಹತ್ತು ಹೆಜ್ಜೆ.

ಅಷ್ಟರಲ್ಲಿ ಗಂಡ ಹಿತ್ತಲಿಂದ ಕೂಗಿದರು: “ಯಾರದೇ ಅದು? ಏನಾಗ್ಯಾದ ನೋಡು.”

“ಏನಿಲ್ರಿ!” ಎಂದು ನಾನು ನಗುತ್ತಾ ಕೂಗಿದೆ. “ಲಮಾಣಿ ಅಳು. ಅಕ್ಕ ತಂಗಿ ಕೂಡ್ಯಾರ. ನಡುವ ಹೋಗಬಾರ್ದು, ಮುಗೀಲಿ. ನೀವು ಹೋಗ್ರಿ, ಪೇಶಿಗಿ ತಡ ಆಗ್ತದ.”

ಎಲುಬಿಲ್ಲದ ನಾಲಿಗೆ. ಕಣ್ಣು ಮಾಡಬೇಕಾದ ಕೆಲಸವನ್ನು ಅದು ಮಾಡಿಬಿಟ್ಟಿತು. ಆ ಮಾತು ನಾಲಿಗೆಯ ಮೇಲೆ ಸಿದ್ಧವಾಗಿ ಇರದಿದ್ದರೆ ನಾನು ಎದ್ದು ಹೋಗುತ್ತಿದ್ದೆ ಎಂದೇ ನನಗೆ ಅನ್ನಿಸುತ್ತದೆ. ಗಾಡಿ ಹಿತ್ತಲ ಬಾಗಿಲಿಂದ ಔರಾದಿನ ಹಾದಿ ಹಿಡಿಯಿತು. ನಾನು ಮತ್ತೆ ಬೀಸಿದೆ. ಸ್ವಲ್ಪ ಹೊತ್ತಿಗೆ ಹೊರಗಿನ ಅಳು ನಿಂತಿತು. ನೋಡಿದೆಯಾ, ಮುಗಿಯಿತು, ಇನ್ನು ತಂಬಾಕು ಎಂದುಕೊಂಡೆ.

ನಿಂತಿರಲಿಲ್ಲ. ಗೆಜ್ಜೆಯ ಸಪ್ಪಳ ಕೇಳಿ ಇಬ್ಬರೂ ಮನೆಯನ್ನು ಸುತ್ತಿ ಗಾಡಿಯ ಬೆನ್ನು ಹತ್ತಿದ್ದರು. ಬಾಯಿಯ ಮಗಳಿಗೆ ಹಿಂದಿನ ಸಂಜೆಯಿಂದ ನೋವು. ಕೂಸು ಅಡ್ಡ ನಿಂತಿತ್ತು, ಕೈ ಹೊರಗೆ ಬಂದಿತ್ತು. ತಾಂಡಾದ ಮುದುಕಿಯರು ಕೈಚೆಲ್ಲಿದ ಮೇಲೆ, ಔರಾದಿನ ದವಾಖಾನೆಗೆ ಒಯ್ಯಲು ನಮ್ಮ ಗಾಡಿ ಕೇಳಲೆಂದು ಬಾಯಿ ಓಡಿ ಬಂದಿದ್ದಳು. ನಮ್ಮ ಬಾಗಿಲಲ್ಲೇ ಅಕ್ಕ ಎದುರಾದಳು. ಅಕ್ಕನಿಗೆ ಅದನ್ನು ಹೇಳಲು ಅವಳಿಗೆ ಗೊತ್ತಿದ್ದ ರೀತಿ ಅದೊಂದೇ. ಇದನ್ನೆಲ್ಲ ನಮ್ಮ ಆಳು ಮಧ್ಯಾಹ್ನ ಬಂದು ಹೇಳಿದ. ಊರಲ್ಲಿ ಬೇರೆ ಗಾಡಿಗಳೆಲ್ಲ ಹೊಲಕ್ಕೆ ಹೋಗಿದ್ದವಂತೆ. ಹುಡುಗಿಯನ್ನು ಹೊರಸಿನ ಮೇಲೆ ಹಾಕಿ ನಾಲ್ವರು ಹೊತ್ತುಕೊಂಡು ಔರಾದಿನ ಕಡೆಗೆ ಹೊರಟರಂತೆ.

ಸಂಜೆ ಹೊತ್ತು ಮುಳುಗುವ ಮುಂಚೆ ನಮ್ಮ ಗಾಡಿ ತಿರುಗಿ ಬಂತು. ಹಿತ್ತಲಿಗೆ ಬರಲಿಲ್ಲ, ನೆಟ್ಟಗೆ ತಾಂಡಾಕ್ಕೆ ಹೋಯಿತು. ಹುಡುಗಿ ಅರ್ಧ ಹಾದಿಯಲ್ಲಿ ಸತ್ತಿದ್ದಳು, ಕೂಸು ಹೊಟ್ಟೆಯಲ್ಲೇ. ಔರಾದಿನಿಂದ ಬರುತ್ತಿದ್ದ ನನ್ನ ಗಂಡನಿಗೆ ಅವರು ಎದುರು ಸಿಕ್ಕಿದ್ದರು. ಜೀವ ಇದ್ದಾಗ ಸಿಗದ ಗಾಡಿಯಲ್ಲಿ ಹೆಣ ಬಂತು.

ಗಂಡ ಮನೆಗೆ ಬಂದು ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತರು. ನನ್ನ ಕಡೆ ನೋಡದೆ ಅಂದರು: “ಬೇವಿನ ಗಿಡದ ತನಕ ಬೆನ್ನ ಹತ್ತಿದ್ರು. ನನಗ ಕೇಳ್ಸಿತು. ನೀ ಅಂದಿದ್ದಿ ಅಲಾ ಅಂತ ಹೊಳ್ಳಿ ನೋಡ್ಲಿಲ್ಲ.”

ನಾನು ಅವರ ಕಾಲ ಬಳಿ ಕೂತೆ. ಅವರು ಮತ್ತೆ ಅಂದರು: “ಯಾರ ಮುಂದೂ ಬಾಯಿ ಬಿಡಬ್ಯಾಡ.” ಮರುದಿನ ಎತ್ತುಗಳ ಕೊರಳಿಂದ ಗೆಜ್ಜೆ ಬಿಚ್ಚಿ ಅಟ್ಟದ ಮೇಲೆ ಎಸೆದರು. ಗೆಜ್ಜೆಯ ಸಪ್ಪಳದಲ್ಲಿ ಗೌಡರಿಗೆ ಕೇಳಿಸಲಿಲ್ಲ ಎಂದು ಊರಲ್ಲಿ ಮಾತು ಹುಟ್ಟಿತು. ಹುಟ್ಟಲಿ ಎಂದು ನಾವಿಬ್ಬರೂ ಸುಮ್ಮನಿದ್ದೆವು.

ನಾನು ತಾಂಡಾಕ್ಕೆ ಹೋಗಿ ಮುಖ ತೋರಿಸಲಿಲ್ಲ. ಮೈಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಭಾಲ್ಕಿಗೆ ಓಡಿಹೋದೆ. ತಂಗಿಯರು ಅಳು ಮಾಡಿ ತೋರಿಸು ಎಂದಾಗ ಒಬ್ಬಳ ಕೆನ್ನೆಗೆ ಹೊಡೆದೆ. ಅವಳಿಗೆ ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಪಾಪ.

ಎರಡು ತಿಂಗಳ ಮೇಲೆ ಚಿಂತಾಕಿಗೆ ಬಂದೆ. ಬಾಯಿ ಅಂಗಳದಲ್ಲಿದ್ದಳು. ನನ್ನನ್ನು ಕಂಡು ಬೆನ್ನು ತಿರುಗಿಸುತ್ತಾಳೆ, ಉಗುಳುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಹಾಗೇನೂ ಮಾಡಲಿಲ್ಲ. ಬಂದು ನನ್ನ ಹೆಗಲ ಮೇಲೆ ಗದ್ದ ಇಟ್ಟು ರಾಗ ಎತ್ತಿದಳು. ಮಗಳನ್ನು ಹೇಳಿದಳು, ಹುಟ್ಟದ ಕೂಸನ್ನು ಹೇಳಿದಳು. ನನಗೆ ಈಗ ಅವರ ಮಾತು ಚೆನ್ನಾಗಿಯೇ ತಿಳಿಯುತ್ತಿತ್ತು. ಅವ್ವ ಕಲ್ಲಿನ ಮುಂದೆ ಇದ್ದಳು, ಕೇಳಿಸಲಿಲ್ಲ. ಗೌಡ ಗೆಜ್ಜೆಯ ನಡುವೆ ಇದ್ದ, ಕೇಳಿಸಲಿಲ್ಲ. ಕೇಳಿಸಿದ್ದರೆ ಹಾರಿ ಬರುತ್ತಿದ್ದರು ಎಂದು ಹಾಡುತ್ತಿದ್ದಳು. ನನ್ನ ಕಣ್ಣಿಂದ ಒಂದು ಹನಿ ಬರಲಿಲ್ಲ. ಜಗಲಿಯ ಮೇಲೆ ಯಾರೋ ಆ ಹಳೆಯ ಮಾತು ಅಂದು ಕಿಸಕ್ಕನೆ ನಕ್ಕರು. ನಗಬೇಡಿ ಎಂದು ನಾನು ಅವರಿಗೆ ಅನ್ನಲೂ ಇಲ್ಲ.

ಆಮೇಲೆ ವರ್ಷಗಟ್ಟಲೆ ಅವಳು ಕಟ್ಟಿಗೆ ತಂದಳು, ನಾನು ಹಬ್ಬಹಬ್ಬಕ್ಕೆ ಸೀರೆ, ಕಾಳು, ಎಣ್ಣೆ ಕೊಟ್ಟೆ. ಅವಳಿಗೆ ಅದು ಪ್ರೀತಿ. ನನಗೆ ಏನೆಂದು ನನಗೆ ಗೊತ್ತಿತ್ತು. ಹೇಳಬೇಕೆಂದು ನೂರು ಸಲ ಬಾಯಿ ತೆರೆದು ಮುಚ್ಚಿದ್ದೇನೆ. ಗಂಡ ತೀರಿಕೊಂಡರು. ಮಗನಿಗೆ ಬೀದರಿನ ಕಚೇರಿಯಲ್ಲಿ ಕೆಲಸವಾಗಿ ನಾವು ಚಿದ್ರಿಗೆ ಬಂದೆವು. ದೂರ ಬಂದರೆ ಮರೆಯುತ್ತದೆ ಎಂದುಕೊಂಡಿದ್ದೆ, ಸೊಸೆ ರೊಟ್ಟಿ ಬಡಿಯುತ್ತಾ ನೆನಪು ಮಾಡಿಕೊಟ್ಟಳು.

ಆ ದಿನ ಮಗ ಕಚೇರಿಯಿಂದ ಬಂದ ಮೇಲೆ ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. “ನೀ ಹೋಗಿ ಕೂಸ ಅಡ್ಡ ಹಾಕಿದ್ದಿ ಏನು? ದವಾಖಾನಿ ಮುಟ್ಟಿದ್ರೂ ಉಳೀತಿದ್ಳು ಅಂತ ಯಾರ ಹೇಳ್ಬೇಕು?” ಅಂದ.

“ಅದೇ ಅಲ್ಲೇನಪಾ,” ಅಂದೆ. “ಉಳೀತಿದ್ಳೋ ಇಲ್ಲೋ ಅಂಬೋದು ಗೊತ್ತಾಗ್ದಂಗ ನಾ ಮಾಡೇನಿ. ನಾ ಚಿಂತಾಕಿಗಿ ಹೋಗ್ತೇನಿ. ಆಕಿಗಿ ಹೇಳ್ತೇನಿ.”

“ಈಗ? ಇಷ್ಟು ವರ್ಷದ ಮ್ಯಾಲ?” ಅವನಿಗೂ ನನ್ನದೇ ಸಿಟ್ಟು. “ಆಕಿಗಿ ಒಳ್ಳೇದಾಗ್ಲಿ ಅಂತೋ, ನಿನ್ನ ಎದಿ ಹಗುರಾಗ್ಲಿ ಅಂತೋ?”

ಮುದಿತನದಲ್ಲಿ ಹಟ ಜಾಸ್ತಿ. ಮೂರನೆಯ ದಿನ ಮೋಟಾರಿನಲ್ಲಿ ಔರಾದಿನ ತನಕ ಹೋಗಿ, ಅಲ್ಲಿಂದ ಒಂದು ಬಾಡಿಗೆ ಗಾಡಿ ಹಿಡಿದು, ಮಧ್ಯಾಹ್ನದ ಹೊತ್ತಿಗೆ ತಾಂಡಾ ಮುಟ್ಟಿದೆ.

ಬಾಯಿ ತನ್ನ ಗುಡಿಸಲ ಮುಂದೆ ಹಳೆಯ ಲಂಗಕ್ಕೆ ತೇಪೆ ಹಾಕುತ್ತಿದ್ದಳು. ಬಳೆಗಳು ಹೋಗಿದ್ದವು, ಗಂಡ ಸತ್ತನೆಂದು ಅದರಿಂದಲೇ ತಿಳಿಯಿತು. ಗುರುತು ಹಿಡಿದವಳೇ ಎದ್ದು ಎರಡೂ ಕೈ ಚಾಚಿ ಬಂದಳು. ಗದ್ದ ಇನ್ನೇನು ಹೆಗಲಿಗೆ ತಾಕಬೇಕು, ನಾನು ಅವಳ ಮುಂಗೈ ಹಿಡಿದು ತಡೆದೆ. ಅವಳ ಜನ್ಮದಲ್ಲಿ ಯಾರೂ ಹಾಗೆ ತಡೆದಿರಲಿಕ್ಕಿಲ್ಲ. ರಾಗ ಎತ್ತಲು ಬಾಯಿ ತೆರೆದವಳು ಹಾಗೇ ನಿಂತಳು.

“ಮೊದಲ ನಾ ಹೇಳೋದು ಕೇಳು ಬಾಯಿ. ಆಮ್ಯಾಲ ಅಳೋದಾದ್ರ ಅಳು.”

ಕೂಡಿಸಿ ಹೇಳಿದೆ. ಬೀಸುವ ಕಲ್ಲು ನಿಲ್ಲಿಸಿದ್ದು, ಗಂಡ ಕೂಗಿ ಕೇಳಿದ್ದು, ನಾನು ನಕ್ಕಿದ್ದು. ನಕ್ಕು ಏನಂದೆ ಎಂಬುದನ್ನೂ ಅಂದಂತೆಯೇ ಹೇಳಿದೆ. ಭಾಲ್ಕಿಯಲ್ಲಿ ಅವಳ ಅಳು ಅತ್ತು ತೋರಿಸಿದ್ದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ನಾನು ಅತ್ತೆ. ಇಷ್ಟು ವರ್ಷ ಬಾರದ ಕಣ್ಣೀರು ಆಗ ಬಂತು. ಅವಳ ಮುಂದೆ ಅದು ಬಂದದ್ದಕ್ಕೂ ನನಗೆ ನಾಚಿಕೆಯಾಯಿತು.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಕೇಳ್ಸಿತ್ತಾ ನಿಮಗ?”

“ಕೇಳ್ಸಿತ್ತು.”

“ಗೌಡರಿಗಿ?”

“ಅವರಿಗೂ ಕೇಳ್ಸಿತ್ತು.”

ಬೈಯಲಿ ಎಂದು ಕಾದೆ. ಕಾಲು ಹಿಡಿಯಲು ಬಗ್ಗಿದೆ, ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಅವಳ ಕಣ್ಣು ಒಣಗಿತ್ತು. ತಾಂಡಾದ ಹಾದಿಯನ್ನೇ ನೋಡುತ್ತಾ ಸಾವಕಾಶ ಮಾತಾಡಿದಳು.

“ಅಕಿ ಮಣ್ಣ ಆದ ದಿನ ಇಡೀ ತಾಂಡಾ ಎದ್ದಿತ್ರಿ. ಗೌಡನ ಹೊಲಕ್ಕ ಇನ್ನ ಯಾರೂ ಕಾಲಿಡಬಾರ್ದು, ಕೇಳ್ಸಿದ್ರೂ ಹೋದ ಅಂತ ಅಂದ್ರು. ನಾನೇ ನಡುವ ನಿಂತೆ. ಕೇಳ್ಸಿಲ್ಲ, ಅವ್ವಗೂ ಕೇಳ್ಸಿಲ್ಲ ಅಂದೆ. ಯಾರೂ ನಂಬ್ಲಿಲ್ಲ. ಮಗಳ ಆಣಿ ಮಾಡಿ ಹೇಳು ಅಂದ್ರು.”

ಅವಳು ನನ್ನ ಮುಖ ನೋಡಿದಳು.

“ಅಕಿ ಹೆಣದ ಮ್ಯಾಲ ಕೈ ಇಟ್ಟು ಮಾಡ್ದೆ, ಅವ್ವಾರ.”